ಮೊದಲ ಇಂಜೆಕ್ಷನ್‌ಗೂ ಮುಂಚೆ ಬೆಳಗಿನ ರಕ್ತ ಪರೀಕ್ಷೆ

"ಒಂದ್ ಇಂಜೆಕ್ಷನ್ ತಗೊಳಪಾ, ಎರಡ ವಾರದಾಗ ಹುಲಿ ಆಗ್ತಿ."

ಕಳೆದ ವರ್ಷ ಜಿಮ್‌ನಲ್ಲಿ ಗೆಳೆಯನೊಬ್ಬ ಹೀಗಂದಾಗ ನಾನು ನಿಜಕ್ಕೂ ಯೋಚನೆಗೆ ಬಿದ್ದೆ. ಹಳಿಯಾಳದ ಮನೆಯಿಂದಲೇ ಕೋಡಿಂಗ್ ಕೆಲಸ, ರಾತ್ರಿ ಎರಡರವರೆಗೆ ವಿದೇಶಿ ಕ್ಲೈಂಟ್ ಜತೆ ಕಾಲ್. ಸದಾ ಸುಸ್ತು, ಯಾವುದರಲ್ಲೂ ಆಸಕ್ತಿಯಿಲ್ಲ, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು. ಮದುವೆಯಾಗಿ ಎರಡು ವರ್ಷ, ಮನೆಯಲ್ಲಿ ಮಗುವಿನ ಮಾತೂ ಶುರುವಾಗಿತ್ತು.

ಒಂದು ದಿನ ಊಟ ಮಾಡಿ, ಸಂಜೆ ನಾಲ್ಕಕ್ಕೆ ಲ್ಯಾಬಿಗೆ ಹೋಗಿ ಟೆಸ್ಟೋಸ್ಟೆರಾನ್ ಟೆಸ್ಟ್ ಮಾಡಿಸಿದೆ. ರಿಪೋರ್ಟ್‌ನಲ್ಲಿ 248, ಪಕ್ಕದಲ್ಲಿ ಕೆಳಮುಖ ಬಾಣ. "ನಾ ಹೇಳಿದ್ನಿಲ್ಲೋ!" ಅಂದ ಗೆಳೆಯ. ಹೆಂಡತಿ ಮಾತ್ರ "ಡಾಕ್ಟರಿಗೆ ತೋರಿಸದೆ ಸೂಜಿ ಬೇಡ" ಅಂತ ಪಟ್ಟು ಹಿಡಿದಳು. ಧಾರವಾಡದಲ್ಲಿ ಹಾರ್ಮೋನ್ ತಜ್ಞರೊಬ್ಬರನ್ನು ಕಂಡೆ.

ಅವರ ಮೊದಲ ಪ್ರಶ್ನೆಯೇ, "ಎಷ್ಟು ಗಂಟೆಗೆ ರಕ್ತ ಕೊಟ್ರಿ?"

ಟೆಸ್ಟೋಸ್ಟೆರಾನ್ ಬೆಳಗ್ಗೆ ಹೆಚ್ಚಿದ್ದು ಸಂಜೆಗೆ ಇಳಿಯುತ್ತದೆ, ಊಟವಾದ ಮೇಲೂ ಇಳಿಯುತ್ತದೆ. ಜ್ವರ, ನಿದ್ರೆಗೇಡು ಕೂಡ ಅದನ್ನು ತಗ್ಗಿಸುತ್ತವೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ಬೆಳಗ್ಗೆ, ಬೇರೆ ಬೇರೆ ಎರಡು ದಿನ ಪರೀಕ್ಷೆ ಮಾಡಿಸಬೇಕು. ಎರಡೂ ಸಲ ಕಡಿಮೆ ಬಂದು, ಜತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಅದು ಕೊರತೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಇಟ್ಟಿರುವ ಗೆರೆ ಡೆಸಿಲೀಟರಿಗೆ 300 ನ್ಯಾನೊಗ್ರಾಂ. ಬೆಳಗಿನ ಎರಡು ರಿಪೋರ್ಟ್‌ಗಳಲ್ಲಿ ನನಗೆ ಬಂದದ್ದು 395 ಮತ್ತು 412!

ನಿಜವಾಗಿ ಕಡಿಮೆ ಇದ್ದವರಿಗೆ ಮುಂದಿನ ಪ್ರಶ್ನೆ: ಯಾಕೆ ಕಡಿಮೆ? ಅದಕ್ಕೆ ಎಲ್‌ಎಚ್, ಎಫ್‌ಎಸ್‌ಎಚ್ ಪರೀಕ್ಷೆ. ಇವು ಹೆಚ್ಚಿದ್ದರೆ ತೊಂದರೆ ವೃಷಣದಲ್ಲಿ. ಹೆಚ್ಚಿಲ್ಲದಿದ್ದರೆ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯತ್ತ ನೋಡಬೇಕು, ಆಗ ಪ್ರೊಲ್ಯಾಕ್ಟಿನ್ ಕೂಡ ಅಳೆಯುತ್ತಾರೆ. ಈ ಔಷಧಿ ಕೆಂಪು ರಕ್ತಕಣ ಹೆಚ್ಚಿಸಿ ರಕ್ತವನ್ನು ದಪ್ಪಗಾಗಿಸಬಹುದು. ಆದ್ದರಿಂದ ಶುರು ಮಾಡುವ ಮುನ್ನ ಹೆಮಟೊಕ್ರಿಟ್ ನೋಡಲೇಬೇಕು. 40 ದಾಟಿದವರಿಗೆ ಪ್ರಾಸ್ಟೇಟ್‌ನ ಪಿಎಸ್‌ಎ ಪರೀಕ್ಷೆಯೂ ಉಂಟು. ಗೊರಕೆ ಜೋರಿದ್ದರೆ, ಹೃದಯದ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ.

ನಾನು ಬೆಚ್ಚಿದ್ದು ಇನ್ನೊಂದು ವಿಷಯಕ್ಕೆ. "ಮಗು ಬೇಕು ಅಂತೀರಿ. ಇದು ವೀರ್ಯಾಣು ಕಡಿಮೆ ಮಾಡುತ್ತೆ, ಗೊತ್ತಾ?" ಅಂದರು ಡಾಕ್ಟರ್. ಹೊರಗಿಂದ ಹಾರ್ಮೋನ್ ಬಂದರೆ ದೇಹ ತನ್ನ ಕಾರ್ಖಾನೆಗೆ ಬೀಗ ಹಾಕುತ್ತದೆ. 1990ರಲ್ಲಿ ಪ್ರಕಟವಾದ ವಿಶ್ವ ಆರೋಗ್ಯ ಸಂಸ್ಥೆಯ ಅಧ್ಯಯನದಲ್ಲಿ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಅನ್ನು ಗಂಡಸರ ಗರ್ಭನಿರೋಧಕವಾಗಿಯೇ ಪರೀಕ್ಷಿಸಿದ್ದರು. ಆರು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ವೀರ್ಯದಲ್ಲಿ ವೀರ್ಯಾಣುವೇ ಇರಲಿಲ್ಲ.

ನನ್ನ ಗೆಳೆಯ ಆ ಇಂಜೆಕ್ಷನ್ ತಗೊಳ್ಳುತ್ತಾ ಆಗಲೇ ವರ್ಷ ದಾಟಿತ್ತು. ಮಗು ಆಗಲಿಲ್ಲವೆಂದು ಅವನೂ ಅದೇ ಡಾಕ್ಟರ ಹತ್ತಿರ ಬಂದ. "ಶುರು ಮಾಡೋ ಮುಂಚಿನ ರಿಪೋರ್ಟ್ ಎಲ್ಲಿ?" ಅಂದರೆ ಇಲ್ಲ. ಔಷಧಿ ದೇಹ ಸೇರಿದ ಮೇಲೆ ಎಲ್‌ಎಚ್ ಕುಸಿದಿರುತ್ತದೆ. ಅವನಿಗೆ ಮೊದಲೇ ಕೊರತೆ ಇತ್ತೋ ಇಲ್ಲವೋ, ಈಗ ತಿಳಿಯುವ ದಾರಿಯಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಗ್ ಹುಡುಕುವ ಮೊದಲೇ ಲಾಗ್ ಅಳಿಸಿದ ಹಾಗೆ. ಈಗ ವೈದ್ಯರ ನಿಗಾದಲ್ಲಿ ಇಂಜೆಕ್ಷನ್ ಬಿಡುತ್ತಿದ್ದಾನೆ. ವೀರ್ಯಾಣು ಮರಳಲು ತಿಂಗಳುಗಟ್ಟಲೆ ಕಾಯಬೇಕು.

ನಮ್ಮ ಕಡೆ ಈ ಪರೀಕ್ಷೆಗೆ ದೂರವೇ ದೊಡ್ಡ ಅಡ್ಡಿ. ದಾಂಡೇಲಿಯಿಂದ ಧಾರವಾಡಕ್ಕೆ 50 ಕಿ.ಮೀ.ಗೂ ಹೆಚ್ಚು, ಜೋಯಿಡಾದವರಿಗೆ ಇನ್ನೂ ದೂರ. ಮುಂಡಗೋಡದವರು ಹುಬ್ಬಳ್ಳಿಗೆ ಹೋಗಬೇಕು. ಬಸ್ ಇಳಿದು, ತಿಂಡಿ ತಿಂದು, ಮಧ್ಯಾಹ್ನ ರಕ್ತ ಕೊಟ್ಟರೆ ನನ್ನ 248ರ ಕತೆಯೇ. ಊರಿನ ಲ್ಯಾಬ್‌ನಲ್ಲೇ ಬೆಳಗ್ಗೆ ರಕ್ತ ಕೊಟ್ಟು ರಿಪೋರ್ಟ್ ಹಿಡಿದು ಬರಬಹುದೇ ಅಂತ ಮೊದಲೇ ಡಾಕ್ಟರನ್ನು ಕೇಳಿ. ನೈಟ್ ಶಿಫ್ಟ್ ಇದ್ದರೆ ಅದನ್ನೂ ಹೇಳಿ.

ನನಗೆ ಡಾಕ್ಟರ್ ಬರೆದುಕೊಟ್ಟ ಚೀಟಿಯಲ್ಲಿ ಔಷಧಿ ಇರಲಿಲ್ಲ. ಏಳು ಗಂಟೆ ನಿದ್ರೆ, ತೂಕ ಇಳಿಕೆ, ಮೂರು ತಿಂಗಳಿಗೆ ಮತ್ತೆ ಭೇಟಿ, ಅಷ್ಟೇ. ಕ್ಲೈಂಟ್ ಕಾಲ್ ಈಗ ಹತ್ತಕ್ಕೆ ಮುಗಿಸುತ್ತೇನೆ.