ಹತ್ತು ಹಾಡು, ನೂರು ಜಗಳ

ಹಬ್ಬದೂಟ ಮುಗಿದಿದೆ. ಎಲೆಯಡಿಕೆಯ ತಟ್ಟೆ ಕೈಯಿಂದ ಕೈಗೆ ಸಾಗುತ್ತಿದೆ. ಮನೆಯ ಹಿರಿಯ ಅಳಿಯಂದಿರು ಯಾರ ಕೇಡನ್ನೂ ಬಯಸದೆ ಒಂದು ಮಾತನ್ನು ಆಡಿಬಿಡುತ್ತಾರೆ: “ಏನೇ ಹೇಳಿ, ಲತಾ ಮಂಗೇಶ್ಕರರ ಹಾಡುಗಳಲ್ಲಿ ‘ಮಹಲ್’ ಚಿತ್ರದ್ದನ್ನು ಮೀರಿಸುವಂಥದು ಇನ್ನೊಂದಿಲ್ಲ.”

ಅಲ್ಲಿಗೆ ಎಲ್ಲರ ಮಧ್ಯಾಹ್ನದ ನಿದ್ರೆಗೂ ತಿಲಾಂಜಲಿ. ಗೋಡೆಗೆ ಒರಗಿದ್ದ ಚಿಕ್ಕಪ್ಪ ನೆಟ್ಟಗೆ ಕುಳಿತು ‘ಅನ್‌ಪಢ್’ ಚಿತ್ರದ ಗಜಲುಗಳನ್ನು ಮುಂದಿಡುತ್ತಾರೆ. ಅಡಿಗೆಮನೆಯ ಬಾಗಿಲಲ್ಲಿ ನಿಂತ ಸೋದರತ್ತೆ, “‘ಮಧುಮತಿ’ಯನ್ನು ಎಲ್ಲರೂ ಮರೆತಿರೇನು?” ಎಂದು ಕೇಳುತ್ತಾರೆ. ಕಾಲೇಜಿಗೆ ಹೋಗುವ ಹುಡುಗ, “ನಿಮ್ಮದೆಲ್ಲ ಬಹಳ ಹಳೆಯದು ಚಿಕ್ಕಪ್ಪ. ‘ಲೇಕಿನ್’ ಕೇಳಿದ್ದೀರಾ?” ಎನ್ನುತ್ತಾನೆ. ಕಾಗದ ಬರುತ್ತದೆ, ಪೆನ್ಸಿಲು ಬರುತ್ತದೆ. ಒಂದರಿಂದ ಹತ್ತರವರೆಗೆ ಅಂಕಿಗಳು ಬೀಳುತ್ತವೆ. ಸಂಜೆಯ ಕಾಫಿಯ ಹೊತ್ತಿಗೆ ನೋಡಿದರೆ ಹತ್ತಕ್ಕೆ ಬದಲು ಇಪ್ಪತ್ತೇಳು ಹೆಸರುಗಳಿರುತ್ತವೆ. ಮೊದಲನೆಯ ಅಂಕಿಯ ಎದುರು ಮಾತ್ರ ಇನ್ನೂ ಖಾಲಿ.

ಇಂತಹ ಪ್ರಸಂಗ ಒಂದು ಮನೆಗೆ ಮೀಸಲಾದುದಲ್ಲ. 1929ರ ಸೆಪ್ಟೆಂಬರ್ 28ರಂದು ಇಂದೂರಿನಲ್ಲಿ ಜನಿಸಿ, 2022ರ ಫೆಬ್ರವರಿ 6ರಂದು ಮುಂಬಯಿಯಲ್ಲಿ ಕಣ್ಮುಚ್ಚಿದ ಈ ಗಾಯಕಿಯ ಹಾಡುಗಳಲ್ಲಿ ಶ್ರೇಷ್ಠವಾದುದು ಯಾವುದೆಂಬ ವಾದ ಆಕೆಯ ಕೀರ್ತಿಯಷ್ಟೇ ಹಳೆಯದು. ಇದು ಹೊತ್ತು ಹೋಗದವರ ಹರಟೆಯೆಂದು ನಕ್ಕುಬಿಡುವುದು ಸುಲಭ. ಆದರೆ ಕೇಳುಗರ ಈ ಹಟಮಾರಿತನದಿಂದಲೇ ಒಮ್ಮೆ ಒಂದು ದನಿಗೆ ಹೆಸರು ದೊರೆಯಿತೆಂಬುದನ್ನು ನೆನೆದರೆ ನಗು ಅರ್ಧದಲ್ಲಿಯೇ ನಿಲ್ಲುತ್ತದೆ.

ಹೆಸರಿಲ್ಲದ ದನಿ

1949ರಲ್ಲಿ ‘ಮಹಲ್’ ತೆರೆಕಂಡಾಗ ಲತಾ ಅವರಿಗೆ ಇಪ್ಪತ್ತು ವರ್ಷ. ಪಾಳುಬಿದ್ದ ಬಂಗಲೆ, ನಡುರಾತ್ರಿ, ಉಯ್ಯಾಲೆಯಲ್ಲಿ ಮಧುಬಾಲಾ; ದೂರದಿಂದ ತೇಲಿ ಬರುವ ಒಂದು ಹಾಡು. ದನಿ ದೂರದಿಂದ ಸಮೀಪಕ್ಕೆ ಬರುವಂತೆ ಕೇಳಿಸಬೇಕಾಗಿದ್ದಿತು. ಇಂದಿನ ಉಪಕರಣಗಳು ಆಗ ಎಲ್ಲಿದ್ದವು? ಮೈಕ್ರೋಫೋನನ್ನು ಕೋಣೆಯ ನಡುವೆ ನಿಲ್ಲಿಸಿ, ಗಾಯಕಿ ಮೂಲೆಯಿಂದ ಹಾಡುತ್ತಾ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅದರ ಬಳಿಗೆ ನಡೆದು ಬಂದರು. ಸಂಗೀತ ನಿರ್ದೇಶಕ ಖೇಮಚಂದ್ ಪ್ರಕಾಶ್ ಆ ಹಾಡಿನ ಕೀರ್ತಿಯನ್ನು ಬಹುಕಾಲ ಅನುಭವಿಸಲಿಲ್ಲ, 1950ರಲ್ಲಿಯೇ ತೀರಿಕೊಂಡರು.

ಹಾಡು ಊರೂರಿಗೆ ಹಬ್ಬಿತು. ಆದರೆ ಧ್ವನಿಮುದ್ರಿಕೆಯ ಮೇಲೆ ಗಾಯಕಿಯ ಹೆಸರಿರಲಿಲ್ಲ! ಅಲ್ಲಿ ಅಚ್ಚಾಗಿದ್ದುದು ‘ಕಾಮಿನಿ’ ಎಂಬ ಹೆಸರು. ಅದು ಚಿತ್ರದಲ್ಲಿ ಮಧುಬಾಲಾ ವಹಿಸಿದ ಪಾತ್ರದ್ದು. ತೆರೆಯ ಮೇಲೆ ತುಟಿಯಾಡಿಸಿದವರೇ ಹಾಡಿದರೆಂಬ ಭ್ರಮೆಯನ್ನು ಉಳಿಸಿಕೊಳ್ಳುವುದು ಆ ಕಾಲದ ವಾಡಿಕೆಯಾಗಿದ್ದಿತು. ಹಾಡು ಬಾನುಲಿಯಲ್ಲಿ ಬಂದಾಗ ಕೇಳುಗರು ಸುಮ್ಮನಿರಲಿಲ್ಲ. ‘ಹಾಡಿದವರು ಯಾರು?’ ಎಂದು ಆಕಾಶವಾಣಿಗೆ ಕಾಗದದ ಮೇಲೆ ಕಾಗದ ಬರೆದರು. ನಿಲಯದವರು ಧ್ವನಿಮುದ್ರಿಕೆಯ ಸಂಸ್ಥೆಯನ್ನು ವಿಚಾರಿಸಬೇಕಾಯಿತು. ಕೊನೆಗೆ ಲತಾ ಮಂಗೇಶ್ಕರ್ ಎಂಬ ಹೆಸರು ಬಾನುಲಿಯಲ್ಲಿ ಕೇಳಿಬಂದಿತು. ಅಂಚೆಯ ಕಾರ್ಡು ಕೊಂಡು ಬರೆದ ಆ ಅನಾಮಧೇಯ ಅಭಿಮಾನಿಗಳಿಗೆ ಹಿನ್ನೆಲೆ ಗಾಯಕ ಗಾಯಕಿಯರ ಕುಲವೇ ಋಣಿಯಾಗಿದೆಯೆಂದರೆ ತಪ್ಪಾಗದು.

ಬುಧವಾರ ರಾತ್ರಿ ಎಂಟು ಗಂಟೆ

ಹಾಡುಗಳಿಗೆ ಸ್ಥಾನ ಕಟ್ಟುವ ಚಟವನ್ನು ದೇಶಕ್ಕೆಲ್ಲ ಅಂಟಿಸಿದ್ದು ಮಾತ್ರ ರೇಡಿಯೋ ಸಿಲೋನ್. 1952ರಲ್ಲಿ ಡಾ. ಬಿ. ವಿ. ಕೇಸ್ಕರ್ ಅವರು ಸಚಿವರಾದ ಬಳಿಕ ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಎಡೆ ಇಲ್ಲದಂತಾಯಿತು. ಜನ ರೇಡಿಯೋದ ಮುಳ್ಳನ್ನು ಕೊಲಂಬೊ ಕಡೆಗೆ ತಿರುಗಿಸಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ನಿರೂಪಕರು ಅಮೀನ್ ಸಯಾನಿ. ಮೊದಮೊದಲು ಅದೊಂದು ಸ್ಪರ್ಧೆ. ಕ್ರಮವಿಲ್ಲದೆ ಏಳು ಹಾಡುಗಳನ್ನು ಹಾಕುತ್ತಿದ್ದರು. ಜನಪ್ರಿಯತೆಯ ಪ್ರಕಾರ ಅವುಗಳನ್ನು ಸರಿಯಾಗಿ ಜೋಡಿಸಿ ಬರೆದವರಿಗೆ 100 ರೂಪಾಯಿ ಬಹುಮಾನ. ಮೊದಲ ಕಾರ್ಯಕ್ರಮಕ್ಕೇ 9,000 ಕಾಗದಗಳು ಬಂದವು. ವರ್ಷ ತುಂಬುವುದರೊಳಗೆ ಈ ಸಂಖ್ಯೆ ವಾರಕ್ಕೆ 65,000ಕ್ಕೆ ಏರಿತು. ಎಣಿಸುವವರು ಕೈಸೋತರು! 1954ರಲ್ಲಿ ಸ್ಪರ್ಧೆಯನ್ನು ಕೈಬಿಟ್ಟು, ಅಂಗಡಿಗಳಲ್ಲಿ ಮಾರಾಟವಾದ ಧ್ವನಿಮುದ್ರಿಕೆಗಳನ್ನೂ ಕೇಳುಗರ ಬೇಡಿಕೆಗಳನ್ನೂ ಗಮನಿಸಿ ಹಾಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸುವ ಕ್ರಮ ಬಂದಿತು.

ಬುಧವಾರ ರಾತ್ರಿ ಎಂಟಕ್ಕೆ ರೇಡಿಯೋ ಇದ್ದ ಮನೆಗೆ ಇಲ್ಲದ ಮನೆಯವರೂ ಬಂದು ಸೇರುತ್ತಿದ್ದರು. ಬೆಂಗಳೂರು, ಹುಬ್ಬಳ್ಳಿಯ ಹೋಟೆಲುಗಳಲ್ಲಿ ಒಂದು ಕಾಫಿ ಕುಡಿದು ಒಂದು ಗಂಟೆ ಕುಳಿತವರೂ ಉಂಟು. ಕಾರ್ಯಕ್ರಮದ ಮೊದಲ ವಾರ್ಷಿಕ ಪಟ್ಟಿಯಲ್ಲಿ, ಎಂದರೆ 1953ರಲ್ಲಿ, ಅಗ್ರಸ್ಥಾನ ಪಡೆದುದು ‘ಅನಾರ್ಕಲಿ’ ಚಿತ್ರಕ್ಕಾಗಿ ಸಿ. ರಾಮಚಂದ್ರ ಅವರ ಸಂಗೀತದಲ್ಲಿ ಲತಾ ಹಾಡಿದ ಹಾಡು. ಹೀಗೆ ಆ ಏಣಿಯ ತುದಿಯನ್ನು ವರ್ಷದ ಕೊನೆಯಲ್ಲಿ ಮೊದಲು ಮುಟ್ಟಿದುದು ಆಕೆಯ ದನಿಯೇ. 1989ರಲ್ಲಿ ಕಾರ್ಯಕ್ರಮ ವಿವಿಧ ಭಾರತಿಗೆ ಬಂದಿತು. ಅಮೀನ್ ಸಯಾನಿ 2024ರ ಫೆಬ್ರವರಿಯಲ್ಲಿ ತೀರಿಕೊಂಡಾಗ, ಹಳೆಯ ಕೇಳುಗರು ನೆನೆದುದು ಹಾಡುಗಳನ್ನು ಮಾತ್ರವಲ್ಲ, ಅವುಗಳ ಸ್ಥಾನಗಳನ್ನೂ ನೆನೆದರು.

ಅಳೆಯುವ ಕೋಲು ಯಾವುದು?

ಆದರೂ ರಸಿಕರ ಜಗಳ ಈ ಪಟ್ಟಿಯಿಂದ ತೀರಲಿಲ್ಲ. ತೀರುವುದಾದರೂ ಹೇಗೆ? 1958ನ್ನೇ ತೆಗೆದುಕೊಳ್ಳಿ. ಗೀತಮಾಲೆಯಲ್ಲಿ ಆ ವರ್ಷ ಮೊದಲು ಬಂದುದು ‘ಸೋಲ್ವಾ ಸಾಲ್’ ಚಿತ್ರಕ್ಕೆ ಹೇಮಂತ್ ಕುಮಾರ್ ಹಾಡಿದ ಗೀತೆ. ಅದೇ ವರ್ಷದ ಚಿತ್ರಗಳಿಗೆ ಫಿಲ್ಮ್‌ಫೇರ್ ಪತ್ರಿಕೆ ಕೊಟ್ಟ ಮೊತ್ತಮೊದಲ ಹಿನ್ನೆಲೆ ಗಾಯನ ಪ್ರಶಸ್ತಿ ಲತಾ ಅವರಿಗೆ ಬಂದುದು ‘ಮಧುಮತಿ’ಯ ಹಾಡಿಗಾಗಿ, ಸಂಗೀತ ಸಲೀಲ್ ಚೌಧುರಿಯವರದು. ಒಂದೇ ವರ್ಷ, ಎರಡು ಅಳತೆ, ಎರಡು ಪ್ರಥಮ! ಸೋದರತ್ತೆ ಈ ಮಾತನ್ನು ಹಿಡಿದುಕೊಂಡರೆ ಅವರನ್ನು ಸೋಲಿಸುವುದು ಕಷ್ಟ.

ಆ ಪ್ರಶಸ್ತಿಯೇ ಒಂದು ವಾದದಿಂದ ಹುಟ್ಟಿತೆಂಬುದು ಸ್ವಾರಸ್ಯ. ‘ಚೋರಿ ಚೋರಿ’ (1956) ಚಿತ್ರದ ಸಂಗೀತಕ್ಕಾಗಿ ಶಂಕರ್–ಜೈಕಿಶನ್ ಜೋಡಿಗೆ ಬಹುಮಾನ ಬಂದಾಗ, ಸಮಾರಂಭದಲ್ಲಿ ಆ ಚಿತ್ರದ ಹಾಡನ್ನು ಹಾಡಬೇಕೆಂದು ಜೈಕಿಶನ್ ಅವರು ಲತಾ ಅವರನ್ನು ಕೋರಿದರು. ಆಕೆ ಒಪ್ಪಲಿಲ್ಲ. ಬಹುಮಾನ ಸಂಗೀತಕ್ಕೆ, ಹಾಡಿದವರಿಗಾಗಲಿ ಬರೆದವರಿಗಾಗಲಿ ಅಲ್ಲ, ಹಾಗಿದ್ದಮೇಲೆ ದನಿಯಿಲ್ಲದೆ ವಾದ್ಯಗಳಲ್ಲಿಯೇ ನುಡಿಸಿಬಿಡಬಹುದಲ್ಲ ಎಂಬುದು ಆಕೆಯ ನಿಲುವು. ಹಿನ್ನೆಲೆ ಗಾಯನಕ್ಕೆ ಪ್ರತ್ಯೇಕ ಪ್ರಶಸ್ತಿ ಏರ್ಪಟ್ಟುದು ಇದರ ನಂತರ, 1959ರಲ್ಲಿ. ಮುಂದೆ ಹೊಸಬರಿಗೆ ಎಡೆಯಾಗಲೆಂದು ಲತಾ ಅವರೇ ಅದರ ಸ್ಪರ್ಧೆಯಿಂದ ಹಿಂದೆ ಸರಿದರು.

ಚಿಕ್ಕಪ್ಪನ ಪಕ್ಷಕ್ಕೂ ಬಲವಿಲ್ಲದಿಲ್ಲ. 1962ರ ‘ಅನ್‌ಪಢ್’ ಗಜಲುಗಳು ಯಾವ ವಾರ್ಷಿಕ ಪಟ್ಟಿಯ ಶಿಖರವನ್ನೂ ಏರಲಿಲ್ಲ. ಆದರೆ ಅವುಗಳಿಗೆ ಸಂಗೀತ ಕೂಡಿಸಿದ ಮದನ್ ಮೋಹನ್ ಅವರ ಬಗೆಗೆ ನೌಷಾದರಂತಹ ಘನ ವಿದ್ವಾಂಸರು, ಆ ಎರಡು ಹಾಡುಗಳಿಗೆ ಬದಲಾಗಿ ತಮ್ಮ ಸಮಸ್ತ ಸಂಗೀತವನ್ನೂ ಕೊಟ್ಟುಬಿಡಬಹುದೆಂದು ಹೇಳಿದರೆಂದು ಪ್ರತೀತಿ. ‘ಮೊಘಲ್-ಎ-ಆಜಮ್’ (1960) ಚಿತ್ರದ ಸಂಗೀತ ನಿರ್ದೇಶಕರೇ ಹಾಗೆಂದ ಮೇಲೆ ಬೇರೆ ಸಾಕ್ಷಿಯೇಕೆ? ಚಿಕ್ಕಪ್ಪ ಎಲೆಯ ತೊಟ್ಟನ್ನು ಮುರಿಯುತ್ತಾ ಗೆದ್ದವರಂತೆ ಸುತ್ತಲೂ ನೋಡುತ್ತಾರೆ.

ಅಷ್ಟರಲ್ಲಿ ಹುಡುಗನ ಸರದಿ. “ವಯಸ್ಸನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೇ?” ಎಂಬುದು ಅವನ ಪ್ರಶ್ನೆ. ತಮ್ಮ ಹೃದಯನಾಥ ಮಂಗೇಶ್ಕರರ ಸಂಗೀತದಲ್ಲಿ ‘ಲೇಕಿನ್’ ಚಿತ್ರಕ್ಕೆ ಹಾಡಿದ ಗೀತೆಗೆ ರಾಷ್ಟ್ರಪ್ರಶಸ್ತಿ ಬಂದುದು 1990ರ ಸಾಲಿನಲ್ಲಿ. ಆಗ ಆಕೆಗೆ ಅರುವತ್ತು ದಾಟಿತ್ತು. ಇಪ್ಪತ್ತರ ಕೊರಳಿಗೂ ಅರುವತ್ತರ ಕೊರಳಿಗೂ ಒಂದೇ ತಕ್ಕಡಿಯೇ? ಇನ್ನೊಬ್ಬರು 1963ರ ಜನವರಿಯಲ್ಲಿ ದೆಹಲಿಯಲ್ಲಿ ನೆಹರೂ ಅವರ ಸಮ್ಮುಖದಲ್ಲಿ ಲತಾ ಹಾಡಿದ, ಕವಿ ಪ್ರದೀಪರ ವೀರಯೋಧರ ಗೀತೆಯನ್ನು ಎತ್ತುತ್ತಾರೆ. ಅದು ಚಲನಚಿತ್ರದ್ದೇ ಅಲ್ಲವಲ್ಲ, ಪಟ್ಟಿಗೆ ಸೇರಬಹುದೇ? ಸಭೆ ಇಬ್ಭಾಗವಾಗುತ್ತದೆ.

ಈ ಗದ್ದಲದ ನಡುವೆ ಕನ್ನಡಿಗರಿಗೆ ಒಂದು ಸಮಾಧಾನವಿದೆ. ಕನ್ನಡದಲ್ಲಿ ಆಕೆಯ ಶ್ರೇಷ್ಠ ಹಾಡು ಯಾವುದೆಂಬ ಜಗಳ ಬೇಗ ಮುಗಿಯುತ್ತದೆ. ಲಕ್ಷ್ಮಣ ಬರ್ಲೇಕರ್ ಅವರ ಸಂಗೀತದಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ (1967) ಚಿತ್ರಕ್ಕೆ ಹಾಡಿದ ಎರಡೇ ಹಾಡುಗಳು; ಒಂದು ಮೊದಲನೆಯದಾದರೆ ಮತ್ತೊಂದು ಎರಡನೆಯದು.

ಎಣಿಕೆಯ ತಂಟೆ

ಹಾಡುಗಳ ಯೋಗ್ಯತೆ ಹಾಗಿರಲಿ, ಸಂಖ್ಯೆಯಲ್ಲಾದರೂ ಒಮ್ಮತವಿದೆಯೇ? ಅದೂ ಇಲ್ಲ. 1974ರಲ್ಲಿ ಗಿನ್ನೆಸ್ ದಾಖಲೆಯ ಪುಸ್ತಕ, ಲತಾ 25,000ಕ್ಕೆ ಕಡಿಮೆಯಿಲ್ಲದಷ್ಟು ಹಾಡುಗಳನ್ನು ಹಾಡಿದ್ದಾರೆಂದು ಪ್ರಕಟಿಸಿತು. ಮೊಹಮ್ಮದ್ ರಫಿ ಅದನ್ನು ಒಪ್ಪಲಿಲ್ಲ, ಪತ್ರ ಬರೆದರು. 1991ರಲ್ಲಿ ಆ ಉಲ್ಲೇಖವೇ ಪುಸ್ತಕದಿಂದ ಮಾಯವಾಯಿತು. ಈ ಗೊಂದಲಕ್ಕೆ ತಕ್ಕ ಉತ್ತರ ಸಿಕ್ಕಿದುದು ಅಭಿಮಾನಿಗಳಿಂದಲೇ. ಕಾನ್ಪುರದ ಹರ್ಮಂದಿರ್ ಸಿಂಗ್ ‘ಹಮ್‌ರಾಜ್’ ಅವರು ವರ್ಷಾನುಗಟ್ಟಲೆ ಶ್ರಮಿಸಿ, ಚಿತ್ರದಿಂದ ಚಿತ್ರಕ್ಕೆ ಹಾಡು, ಕವಿ, ಗಾಯಕ, ಸಂಗೀತ ನಿರ್ದೇಶಕರ ಹೆಸರುಗಳನ್ನು ಕಲೆಹಾಕಿ ‘ಹಿಂದೀ ಫಿಲ್ಮ್ ಗೀತ್ ಕೋಶ್’ ಸಂಪುಟಗಳನ್ನು ಹೊರತಂದರು. ಜಗಳವಾಡುವವರ ಕೈಗೆ ಒಂದು ನಿಘಂಟು ಬಂದಂತಾಯಿತು.

ಅದರ ಅಗತ್ಯ ಎಷ್ಟಿತ್ತೆಂಬುದನ್ನು ತಿಳಿಯಲು ಒಂದು ನಿದರ್ಶನ ಸಾಕು. ‘ಬ್ರಹ್ಮಚಾರಿ’ (1968) ಚಿತ್ರದಲ್ಲಿ ರಫಿ ಜೊತೆಗಿನ ಪ್ರಸಿದ್ಧ ಯುಗಳಗೀತೆಯನ್ನು ಲತಾ ಅವರದೆಂದು ಪ್ರಮಾಣ ಮಾಡಿ ಹೇಳುವವರು ಇಂದಿಗೂ ಸಿಗುತ್ತಾರೆ. ಹಾಡಿದವರು ಸುಮನ್ ಕಲ್ಯಾಣಪುರ. ದನಿಯ ಸಾಮ್ಯ ಅಷ್ಟು. ಪಾಪ, ಆ ಗಾಯಕಿಯ ಕಷ್ಟವೂ ಅಷ್ಟೇ. ಪರಮ ಅಭಿಮಾನಿಯ ಹತ್ತರ ಪಟ್ಟಿಯೊಳಗೇ ಬೇರೊಬ್ಬರ ಹಾಡು ನುಸುಳಿ ಕುಳಿತಿರುವುದುಂಟು!

ಪಟ್ಟಿಯ ಹೊರಗೆ

ನಗುವ ಮಾತು ಇಲ್ಲಿಗೆ ಮುಗಿಯಿತು. ಏಕೆಂದರೆ ಒಂದು ಹೆಸರನ್ನು ಮೇಲೆ ಬರೆಯುವ ಪೆನ್ಸಿಲು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಮತ್ತೆ ‘ಮಹಲ್’ ಚಿತ್ರಕ್ಕೇ ಮರಳಿದರೆ ಇದು ಸ್ಪಷ್ಟವಾಗುತ್ತದೆ. ಅದೇ ಚಿತ್ರದಲ್ಲಿ ರಾಜಕುಮಾರಿ ಎಂಬ ಗಾಯಕಿಯೂ ಹಾಡಿದ್ದರು. ಲತಾ ಹೊಸಬರಾಗಿದ್ದಾಗ ಆಕೆ ಹೆಸರುವಾಸಿ. ಆ ಹಾಡುಗಳೂ ಸಾಮಾನ್ಯವಾದುವಲ್ಲ. ಆದರೆ ಜನರ ಕಾಗದಗಳು, ವಾದಗಳು, ಪಟ್ಟಿಗಳು ಒಂದೇ ಹಾಡಿನ ಸುತ್ತ ನೆರೆದುವು. ಅವಕಾಶಗಳು ಕ್ರಮೇಣ ಕಡಿಮೆಯಾದುವು.

ಎರಡು ದಶಕಗಳು ಕಳೆದುವು. 1972ರಲ್ಲಿ ಬಿಡುಗಡೆಯಾದ ‘ಪಾಕೀಜಾ’ ಚಿತ್ರದ ಹಿನ್ನೆಲೆ ಸಂಗೀತದ ಧ್ವನಿಮುದ್ರಣ ನೌಷಾದರ ಮೇಲ್ವಿಚಾರಣೆಯಲ್ಲಿ ನಡೆಯುತ್ತಿದ್ದಾಗ, ಮೇಳದ ಹುಡುಗಿಯರ ನಡುವೆ ನಿಂತ ಒಂದು ಮುಖ ಅವರಿಗೆ ಪರಿಚಿತವೆನಿಸಿತು. ಅದು ರಾಜಕುಮಾರಿಯೇ, ಹೊಟ್ಟೆಪಾಡಿಗಾಗಿ ಮೇಳದಲ್ಲಿ ಹಾಡುತ್ತಿದ್ದರು. ನೌಷಾದರು ಮನಕರಗಿ, ಆ ಚಿತ್ರಕ್ಕೆ ಒಂದು ಪೂರ್ಣ ಹಾಡನ್ನು ಆಕೆಯಿಂದಲೇ ಹಾಡಿಸಿದರು. ಎರಡು ಹೆಸರೂ ಒಂದೇ ಚಿತ್ರದಲ್ಲಿ ಬೆಳಗಬೇಕಾಗಿದ್ದುವು. ಒಂದು 2001ರಲ್ಲಿ ಭಾರತರತ್ನದವರೆಗೆ ಏರಿತು, ಇನ್ನೊಂದನ್ನು ಕೇಳಿದವರೇ ವಿರಳ.

ಇದಕ್ಕೆ ಲತಾ ಅವರನ್ನು ದೂರುವಂತಿಲ್ಲ. ಆ ಕೊರಳು ತನ್ನ ಸ್ಥಾನವನ್ನು ತಾನೇ ಗಳಿಸಿಕೊಂಡುದು. ಅಭಿಮಾನಿಗಳನ್ನೂ ದೂರಬೇಕಾಗಿಲ್ಲ; ಅವರು ಹಟ ಹಿಡಿಯದಿದ್ದರೆ ಆ ಹೆಸರೂ ‘ಕಾಮಿನಿ’ಯೆಂದೇ ಉಳಿದುಬಿಡುತ್ತಿತ್ತೇನೋ. ಜಗಳವಾಡುವವರಿರುವ ತನಕ ಹಾಡಿಗೆ ಸಾವಿಲ್ಲ. ಯಾರೂ ಜಗಳವಾಡದ ಹಾಡುಗಳದೇ ಕಷ್ಟ.

ದೀಪ ಹಚ್ಚುವ ಹೊತ್ತಾಗಿದೆ. ಹಬ್ಬದ ಮನೆಯಲ್ಲಿ ಪಟ್ಟಿಯ ಕಾಗದ ಗೀಚಿ ಗೀಚಿ ಕಪ್ಪಾಗಿದೆ. ಹತ್ತನೆಯ ಸ್ಥಾನಕ್ಕಾಗಿ ಅಳಿಯಂದಿರಿಗೂ ಚಿಕ್ಕಪ್ಪನಿಗೂ ಇನ್ನೂ ಸಂಧಿಯಾಗಿಲ್ಲ. ಕಾಫಿಯ ಲೋಟಗಳನ್ನು ಎತ್ತಿಕೊಳ್ಳಲು ಬಂದ ಸೋದರತ್ತೆ ಕಾಗದವನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡುತ್ತಾರೆ.

“ಆ ‘ಮಹಲ್’ ಚಿತ್ರದಲ್ಲಿಯೇ ರಾಜಕುಮಾರಿ ಹಾಡಿದ್ದೂ ಇತ್ತಲ್ಲ. ಅದನ್ನು ಎಲ್ಲಿ ಬರೆಯುತ್ತೀರಿ?”

ಯಾರೂ ಉತ್ತರ ಕೊಡುವುದಿಲ್ಲ. ಹುಡುಗ ಕಾಗದವನ್ನು ತಿರುವಿ, ಹಿಂಬದಿಯ ಖಾಲಿ ಪುಟದಲ್ಲಿ ಹೊಸದಾಗಿ ಒಂದನೆಯ ಅಂಕಿಯನ್ನು ಬರೆಯುತ್ತಾನೆ.