‘ಪಿಕಪ್ ಇಲ್ಲ’ ಅನ್ನೋ ಸಣ್ಣ ಕಾರಿಗೆ ಶಕ್ತಿ ಎಲ್ಲಿಂದ ತರೋದು?

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತಿನ ಕಂತಿಗೆ ವಿಷಯ ಕೊಟ್ಟವರು ಯರಗೇರಾದ ಕೇಳುಗರೊಬ್ಬರು. ಅವರ ವಾಯ್ಸ್ ಮೆಸೇಜ್ ಹೀಗಿತ್ತು: “ಅಣ್ಣಾ, ನಂದು ಆಲ್ಟೊ 800. ಮನಿ ಮಂದಿ ಐದು ಜನ ಕುಂತು ಎಸಿ ಹಾಕಿದ್ರ ಗಾಡಿ ಎಳಿಯಂಗಿಲ್ಲ. ಮಂತ್ರಾಲಯ ರೋಡಿನ್ಯಾಗ ಲಾರಿ ಓವರ್‌ಟೇಕ್ ಮಾಡಾಕ ಹೋದ್ರ ಎದಿ ಝಲ್ ಅಂತೈತಿ. ಆನ್‌ಲೈನ್‌ನ್ಯಾಗ ಸಾವಿರ ರೂಪಾಯಿ ಒಳಗ ಒಂದು ಪವರ್ ಚಿಪ್ ಐತಿ. ಹಾಕಿಸ್ಲೇನು?”

ಉತ್ತರ ಮೊದಲೇ ಹೇಳಿಬಿಡ್ತೀನಿ: ಚಿಪ್ ಬೇಡ. ಆದರೆ ಅವರ ಕಷ್ಟ ಸುಳ್ಳಲ್ಲ. ರಾಯಚೂರಿನಿಂದ ಮಂತ್ರಾಲಯದ ಕಡೆ ಇರಲಿ, ಮಾನ್ವಿ ಕಡೆ ಇರಲಿ, ದೇವದುರ್ಗದ ಕಡೆ ಇರಲಿ, ಭತ್ತ, ಹತ್ತಿ ತುಂಬಿದ ಲಾರಿ ಹಿಂದೆ ಸಿಕ್ಕಿಕೊಂಡವರಿಗೆ ಆ ‘ಝಲ್’ ಏನು ಅಂತ ಗೊತ್ತು. ಎದುರಿನಿಂದ ಗಾಡಿ ಬರ್ತಾ ಇರುತ್ತೆ, ನಮ್ಮ ಕಾರು ಲಾರಿಯ ಪಕ್ಕದಲ್ಲೇ ತೆವಳ್ತಾ ಇರುತ್ತೆ. ಪಿಕಪ್ ಅನ್ನೋದು ಬರೀ ಶೋಕಿಯ ಮಾತಲ್ಲ, ಜೀವದ ಮಾತು.

ನಾನು ಓದಿದ್ದು ಬಿ.ಕಾಂ. ಹಾಗಾಗಿ ಇದನ್ನ ಜಮಾ-ಖರ್ಚಿನ ಪುಸ್ತಕದ ತರ ನೋಡೋಣ. ಕಾರಿನ ಜೊತೆ ಬಂದ ಬಂಡವಾಳ ಎಷ್ಟು, ಎಲ್ಲೆಲ್ಲಿ ಸೋರ್ತಿದೆ, ಎಷ್ಟು ವಾಪಸ್ ಬರುತ್ತೆ, ಹೊಸದಾಗಿ ಎಷ್ಟು ತರಬಹುದು.

ಎಂಜಿನ್ ಅಂದ್ರೆ ಗಾಳಿ ಪಂಪು

ಪೆಟ್ರೋಲ್ ಜಾಸ್ತಿ ಸುರಿದ್ರೆ ಶಕ್ತಿ ಜಾಸ್ತಿ ಅಂತ ನಾವು ಅಂದ್ಕೋತೀವಿ. ಆದರೆ ಪೆಟ್ರೋಲ್ ಉರಿಯೋಕೆ ಗಾಳಿ ಬೇಕು. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕಾಗುತ್ತೆ. ಪೆಟ್ರೋಲ್ ಎಷ್ಟು ಬೇಕಾದರೂ ಸುರೀಬಹುದು, ಗಾಳಿ ಮಾತ್ರ ಎಂಜಿನ್ ಎಳೆದುಕೊಂಡಷ್ಟೇ. ಆಲ್ಟೊ 800ರ ಎಂಜಿನ್ 796 ಸಿಸಿ, ಮೂರು ಸಿಲಿಂಡರ್. ಎರಡು ಸುತ್ತು ತಿರುಗಿದಾಗ ಹೆಚ್ಚೆಂದರೆ 796 ಸಿಸಿ ಗಾಳಿ ಒಳಗೆ ಹೋಗುತ್ತೆ. ನಿಮಿಷಕ್ಕೆ 6,000 ಸುತ್ತಿನಲ್ಲಿ ಅದು ಹೆಚ್ಚೆಂದರೆ 2,400 ಲೀಟರ್. ಆ ಗಾಳಿಯಿಂದ ಬರೋ ಶಕ್ತಿ ಸುಮಾರು 48 ಪಿಎಸ್. ಇದೇ ನಮ್ಮ ಬಂಡವಾಳ.

ಇದಕ್ಕೆ ಕಂಪನಿಯ ಅಂಕಿಯಲ್ಲೇ ಸಾಕ್ಷಿ ಇದೆ. ಇದೇ ಎಂಜಿನ್ ಸಿಎನ್‌ಜಿಯಲ್ಲಿ ಓಡಿದಾಗ ಶಕ್ತಿ ಸುಮಾರು 41 ಪಿಎಸ್‌ಗೆ ಇಳಿಯುತ್ತೆ. ಮುಖ್ಯ ಕಾರಣ, ಸಿಎನ್‌ಜಿ ಅನಿಲವಾಗಿ ಒಳಗೆ ಹೋಗಿ ಗಾಳಿಯ ಜಾಗ ತಿನ್ನುತ್ತೆ. ಗಾಳಿ ಕಮ್ಮಿ ಆಯ್ತು, ಶಕ್ತಿ ಕಮ್ಮಿ ಆಯ್ತು.

ಇಸಿಯು ಏನು ಮಾಡುತ್ತೆ?

ಹಳೇ ಮಾರುತಿ 800ರಲ್ಲಿ ಕಾರ್ಬ್ಯುರೇಟರ್ ಇತ್ತು. ಮೆಕ್ಯಾನಿಕ್ ಸ್ಕ್ರೂಡ್ರೈವರ್ ಹಿಡಿದು ಟ್ಯೂನಿಂಗ್ ಮಾಡಿದ್ರೆ ಗಾಡಿ ಓಟ ಬದಲಾಗ್ತಿತ್ತು. 2000ದ ಸುಮಾರಿಗೆ ಹೊಗೆ ನಿಯಮ ಬಿಗಿಯಾದಾಗ ನಮ್ಮ ಸಣ್ಣ ಕಾರುಗಳಿಗೂ ಎಂಪಿಎಫ್‌ಐ ಬಂತು. ಈಗ ಆ ಸ್ಕ್ರೂಡ್ರೈವರ್ ಕೆಲಸ ಮಾಡೋದು ಇಸಿಯು ಅನ್ನೋ ಸಣ್ಣ ಕಂಪ್ಯೂಟರ್.

ಒಳಗೆ ಬರೋ ಗಾಳಿಯ ಒತ್ತಡ, ಗಾಳಿಯ ಬಿಸಿ, ಕೂಲಂಟ್‌ನ ಬಿಸಿ, ಕಾಲು ಎಷ್ಟು ಒತ್ತಿದೆ, ಎಂಜಿನ್ ಎಷ್ಟು ಸುತ್ತು ತಿರುಗ್ತಿದೆ ಅನ್ನೋದನ್ನ ಅದು ಸೆನ್ಸರ್‌ಗಳಿಂದ ಓದುತ್ತೆ. ಅದರ ಮೇಲೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು, ಪ್ಲಗ್ ಯಾವಾಗ ಕಿಡಿ ಹಾರಿಸಬೇಕು ಅಂತ ತೀರ್ಮಾನ ಮಾಡುತ್ತೆ. ಆರಾಮಾಗಿ ಓಡಿಸುವಾಗ ಸೈಲೆನ್ಸರ್ ದಾರಿಯಲ್ಲಿರೋ ಆಕ್ಸಿಜನ್ ಸೆನ್ಸರ್ ನೋಡಿಕೊಂಡು 14.7ರ ಆಸುಪಾಸಿನಲ್ಲೇ ಇಡುತ್ತೆ. ಕಾಲು ಪೂರ್ತಿ ಒತ್ತಿದ್ರೆ ಆ ಲೆಕ್ಕ ಬಿಟ್ಟು 13ರ ಸುತ್ತಮುತ್ತ ಹೋಗುತ್ತೆ, ಅಂದ್ರೆ ಪೆಟ್ರೋಲ್ ಸ್ವಲ್ಪ ಹೆಚ್ಚು. ಹೆಚ್ಚು ಶಕ್ತಿ ಸಿಗೋದು ಅಲ್ಲೇ. ಕಂಪನಿಯವರು ಆ ಕೆಲಸ ಆಗಲೇ ಮಾಡಿಟ್ಟಿದ್ದಾರೆ ಅನ್ನೋದು ನೆನಪಿರಲಿ.

ಖರ್ಚಿನ ಬಾಬತ್ತು: 48 ಎಲ್ಲಿ ಹೋಯ್ತು?

ಮೊದಲನೇದು, ನಮ್ಮ ಬಿಸಿಲು. ಕಂಪನಿ ಕೊಡೋ ಅಂಕಿ 25 ಡಿಗ್ರಿ ಬಿಸಿಗೆ ಹೊಂದಿಸಿದ್ದು. ಮೇ ತಿಂಗಳ ಮಧ್ಯಾಹ್ನ ಡಾಂಬರು ರಸ್ತೆಯ ಮೇಲಿನ ಗಾಳಿ 45 ಡಿಗ್ರಿ ಇದ್ದರೆ, ಅದೇ ಜಾಗದಲ್ಲಿ ಹಿಡಿಸೋ ಗಾಳಿಯ ತೂಕ ಸುಮಾರು ಶೇ 6ರಷ್ಟು ಕಮ್ಮಿ. ರಾಯಚೂರು ಸಮುದ್ರಮಟ್ಟದಿಂದ ಸುಮಾರು 400 ಮೀಟರ್ ಎತ್ತರದಲ್ಲಿರೋದರಿಂದ ಇನ್ನೂ ಸ್ವಲ್ಪ ಕಮ್ಮಿ. ಕಾರು ಕೆಟ್ಟಿಲ್ಲ, ಆದರೂ ಎರಡು-ಮೂರು ಪಿಎಸ್ ಬಿಸಿಲಿಗೇ ಹೋಯ್ತು.

ಎರಡನೇದು, ಎಸಿ. ಸಣ್ಣ ಕಾರಿನ ಕಂಪ್ರೆಸರ್ ಕೂಡ ಮೂರರಿಂದ ಐದು ಪಿಎಸ್ ತಿನ್ನಬಹುದು. ದೊಡ್ಡ ಎಂಜಿನ್‌ಗೆ ಅದು ಚಿಲ್ಲರೆ, 48ಕ್ಕೆ ಅದು ದೊಡ್ಡ ಮೊತ್ತ.

ಮೂರನೇದು, ಎಲ್ಲಕ್ಕಿಂತ ದೊಡ್ಡದು: ತೂಕ. ಖಾಲಿ ಕಾರು ಸುಮಾರು 750 ಕೆಜಿ ಅಂತ ಇಟ್ಕೊಳ್ಳಿ. ಒಬ್ಬರೇ ಕೂತರೆ 815. ತಲಾ 65 ಕೆಜಿಯ ಐದು ಜನ, 40 ಕೆಜಿ ಸಾಮಾನು ಸೇರಿದ್ರೆ 1,115. ಒಬ್ಬರೇ ಇದ್ದಾಗ ಪ್ರತಿ ಟನ್ನಿಗೆ 59 ಪಿಎಸ್, ತುಂಬಿದಾಗ ಬರೀ 43. ತುಂಬಿದ ಕಾರು ಒಬ್ಬರೇ ಇದ್ದಾಗಿನ ಹಾಗೆ ಓಡಬೇಕಾದ್ರೆ 65ಕ್ಕಿಂತ ಹೆಚ್ಚು ಪಿಎಸ್ ಬೇಕು. ಈ ಎಂಜಿನ್‌ನಿಂದ ಅಷ್ಟು ತೆಗೆಯೋ ಚಿಪ್ ಇಲ್ಲ. ಬಳಸದ ಕ್ಯಾರಿಯರ್, ಡಿಕ್ಕಿಯಲ್ಲಿ ವರ್ಷಗಟ್ಟಲೆ ಇಟ್ಟ ಸಾಮಾನು ಇಳಿಸೋದು ಬಿಟ್ಟಿ ಪಿಕಪ್.

ವಾಪಸ್ ಬರೋ ದುಡ್ಡು

ಇನ್ನು ಸೋರಿಕೆ. ಬಿಸಿಲು ನಮ್ಮ ಕೈಲಿಲ್ಲ, ಇದು ನಮ್ಮ ಕೈಲಿದೆ.

ಏರ್ ಫಿಲ್ಟರ್ ಮೊದಲು. ಎರೆಮಣ್ಣಿನ ದೂಳು, ರೈಸ್ ಮಿಲ್ ಹೊಟ್ಟು, ಹತ್ತಿಯ ನಾರು ಇರೋ ನಮ್ಮ ಕಡೆ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ತನಕ ಕಾಯಬಾರದು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಫಿಲ್ಟರ್ ಕಟ್ಟಿಸಿ ಪರೀಕ್ಷೆ ಮಾಡಿತ್ತು. ಇಂಜೆಕ್ಷನ್ ಕಾರುಗಳಲ್ಲಿ ಮೈಲೇಜ್ ಅಷ್ಟೇನೂ ಬದಲಾಗಲಿಲ್ಲ, ಪಿಕಪ್ ಮಾತ್ರ ಇಳೀತು. ಗಾಳಿ ಕಮ್ಮಿ ಬಂದ್ರೆ ಇಸಿಯು ಪೆಟ್ರೋಲನ್ನೂ ಕಮ್ಮಿ ಮಾಡುತ್ತೆ ಅಲ್ವಾ? ಅದಕ್ಕೇ. ಆದ್ದರಿಂದ “ಮೈಲೇಜ್ ಚೆನ್ನಾಗೇ ಇದೆ, ಫಿಲ್ಟರ್ ಸರಿ ಇರಬೇಕು” ಅನ್ನೋ ಲೆಕ್ಕ ತಪ್ಪು.

ಆಮೇಲೆ ಸ್ಪಾರ್ಕ್ ಪ್ಲಗ್ ಮೂರೂ, ಕಾರ್ಬನ್ ಕಟ್ಟಿದ ಥ್ರೋಟಲ್ ಬಾಡಿ, ಕೊಳೆಯಾದ ಇಂಜೆಕ್ಟರ್. ಮೂರು ಸಿಲಿಂಡರ್ ಎಂಜಿನ್‌ನಲ್ಲಿ ಒಂದು ಪ್ಲಗ್ ಆಗಾಗ ಮಿಸ್ ಆದ್ರೂ ಮೂರನೇ ಒಂದು ಪಾಲು ಕೆಲಸಗಾರರು ರಜೆ ಹಾಕಿದ ಹಾಗೆ.

ಆಮೇಲೆ ಸ್ಕ್ಯಾನರ್. ಚೆಕ್ ಇಂಜಿನ್ ಲೈಟ್ ಹತ್ತಿದ್ದರೆ ಅದನ್ನ ಕಡೆಗಣಿಸಬೇಡಿ. ಸೆನ್ಸರ್ ಕೈಕೊಟ್ಟರೆ ಇಸಿಯು ಎಂಜಿನ್ ಉಳಿಸೋಕೆ ಅಂದಾಜಿನ ಲೆಕ್ಕಕ್ಕೆ ಹೋಗುತ್ತೆ, ಆಗ ಶಕ್ತಿ ಕೈಬಿಡುತ್ತೆ. ಇನ್ನೊಂದು ಅಭ್ಯಾಸ ಇದೆ: “ನಮ್ಮದು ಬಿಸಿ ಊರು, ಇದು ಬೇಡ” ಅಂತ ಕೆಲವು ಗ್ಯಾರೇಜ್‌ಗಳಲ್ಲಿ ಥರ್ಮೋಸ್ಟಾಟ್ ವಾಲ್ವ್ ತೆಗೆದುಬಿಡ್ತಾರೆ. ಎಂಜಿನ್ ಸರಿಯಾಗಿ ಬಿಸಿ ಆಗದಿದ್ರೆ ಇಸಿಯು ‘ಇನ್ನೂ ತಣ್ಣಗಿದೆ’ ಅಂದ್ಕೊಂಡು ಪೆಟ್ರೋಲ್ ಹೆಚ್ಚು ಸುರಿಯುತ್ತೆ. ಮೈಲೇಜೂ ಹೋಯ್ತು, ಪ್ಲಗ್‌ಗೂ ಮಸಿ.

ಕೊನೆಗೆ, ಎಂಜಿನ್ ಸರಿ ಇದ್ದೂ ಶಕ್ತಿ ಚಕ್ರಕ್ಕೆ ತಲುಪದೆ ಇರಬಹುದು. ಆಕ್ಸಿಲರೇಟರ್ ಒತ್ತಿದಾಗ ಶಬ್ದ ಏರುತ್ತೆ, ವೇಗ ಏರಲ್ಲ ಅಂದ್ರೆ ಕ್ಲಚ್ ಪ್ಲೇಟ್ ಜಾರ್ತಿದೆ. ಗಾಡಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಸುಡ್ತಿದ್ರೆ ಬ್ರೇಕ್ ಹಿಡ್ಕೊಂಡಿದೆ. ಟೈರಿನಲ್ಲಿ ಗಾಳಿ ಕಮ್ಮಿ ಇದ್ರೂ ಅಷ್ಟೇ. ಇವೆಲ್ಲ ಸಾಮಾನ್ಯ ಸರ್ವಿಸ್ ಖರ್ಚಿನಲ್ಲೇ ಮುಗಿಯೋ ಕೆಲಸ.

ಗೇರಿನಲ್ಲಿರೋ ಶಕ್ತಿ

ಈಗ ಓವರ್‌ಟೇಕ್ ವಿಷಯಕ್ಕೆ ಬರೋಣ. 48 ಪಿಎಸ್ ಸಿಗೋದು 6,000 ಸುತ್ತಿನಲ್ಲಿ. ಟಾರ್ಕ್, ಅಂದ್ರೆ ತಿರುಗಿಸೋ ಬಲ, ಹೆಚ್ಚೆಂದರೆ 69 ಎನ್‌ಎಂ, ಅದು 3,500 ಸುತ್ತಿನಲ್ಲಿ. ಮೈಲೇಜ್ ಆಸೆಗೆ ನಾವು 2,500ರಲ್ಲೇ ಟಾಪ್ ಗೇರ್ ಹಾಕಿ ಲಾರಿ ಹಿಂದೆ ಹೋಗ್ತಾ ಇರ್ತೀವಿ. ಆ ಸುತ್ತಿನಲ್ಲಿ ಕಾಲು ಪೂರ್ತಿ ಒತ್ತಿದ್ರೂ 25 ಪಿಎಸ್ ದಾಟಲ್ಲ. ಗೇರ್ ಇಳಿಸಿ 3,500ಕ್ಕೆ ತಂದ್ರೆ 34.

ತುಂಬಿದ ಕಾರನ್ನ ಗಂಟೆಗೆ 50ರಿಂದ 70 ಕಿಲೋಮೀಟರ್‌ಗೆ ಏರಿಸೋಕೆ ಎಷ್ಟು ಹೊತ್ತು ಬೇಕು ಅಂತ ಅಂದಾಜು ಲೆಕ್ಕ ಹಾಕಿದೆ. ಮೊದಲನೇ ರೀತಿಯಲ್ಲಿ ಸುಮಾರು 8 ಸೆಕೆಂಡ್, ಗೇರ್ ಇಳಿಸಿದ್ರೆ 5-6 ಸೆಕೆಂಡ್. ಮೂರು ಸೆಕೆಂಡ್ ಏನು ಮಹಾ ಅನ್ನಬೇಡಿ. ಗಂಟೆಗೆ 60ರಲ್ಲಿ ಎದುರು ಬರೋ ಗಾಡಿ ಅಷ್ಟರಲ್ಲಿ 50 ಮೀಟರ್ ಹತ್ತಿರ ಬಂದಿರುತ್ತೆ.

ಆದ್ದರಿಂದ ಲಾರಿಯ ಪಕ್ಕಕ್ಕೆ ಹೋದ ಮೇಲಲ್ಲ, ಹಿಂದೆ ಇರುವಾಗಲೇ ಗೇರ್ ಇಳಿಸಿ. ಆ ಹೊತ್ತಿಗೆ ಎಸಿ ಆಫ್ ಮಾಡಿ. ಅನೇಕ ಕಾರುಗಳಲ್ಲಿ ಕಾಲು ಪೂರ್ತಿ ಒತ್ತಿದಾಗ ಇಸಿಯು ತಾನೇ ಕಂಪ್ರೆಸರ್ ಕಟ್ ಮಾಡುತ್ತೆ. ರಸ್ತೆ ಕಾಣದಿದ್ರೆ ಎಷ್ಟು ಪಿಎಸ್ ಇದ್ರೂ ಹಿಂದೆಯೇ ಇರಿ.

ಚಿಪ್, ರಿಮ್ಯಾಪ್, ಓಪನ್ ಫಿಲ್ಟರ್

ಸಾವಿರ ರೂಪಾಯಿ ಚಿಪ್ ಬಗ್ಗೆ. ಡ್ಯಾಶ್‌ಬೋರ್ಡ್ ಕೆಳಗಿನ ಓಬಿಡಿ ಸಾಕೆಟ್‌ಗೆ ಸಿಕ್ಕಿಸೋ ಇಂಥ ಅಗ್ಗದ ಡಬ್ಬಿಗಳನ್ನ ಅನೇಕರು ಬಿಚ್ಚಿ ತೋರಿಸಿದ್ದಾರೆ. ಒಳಗೆ ಮಿಣಕ್ ಮಿಣಕ್ ಅನ್ನೋ ಎಲ್‌ಇಡಿ, ಅದನ್ನ ಮಿನುಗಿಸೋಕೆ ಒಂದು ಸಣ್ಣ ಸರ್ಕ್ಯೂಟ್, ಅಷ್ಟೇ.

ನಿಜವಾದ ರಿಮ್ಯಾಪ್ ಬೇರೆ. ಬೆಂಗಳೂರಿನಲ್ಲಿ ಪೀಟ್ಸ್‌ನಂಥವರು ಇಸಿಯು ಲೆಕ್ಕವನ್ನೇ ತಿದ್ದಿ ಬರೀತಾರೆ. ಅಲ್ಲಿನ ರೇಸ್ ಡೈನಾಮಿಕ್ಸ್ ಮಾಡೋ ಪವರ್‌ಟ್ರಾನಿಕ್ ಅನ್ನೋದು ಮೂಲ ಇಸಿಯು ಜೊತೆಗೆ ಕೂಡಿಸೋ ಎರಡನೇ ಪೆಟ್ಟಿಗೆ. ಇವು ಮೋಸ ಅಲ್ಲ. ಆದರೆ “ಗೆಳೆಯನ ಡೀಸೆಲ್ ಕಾರು ರಿಮ್ಯಾಪ್ ಆದ ಮೇಲೆ ಹಾರ್ತದೆ” ಅನ್ನೋದನ್ನ ನಮ್ಮ ಕಾರಿಗೆ ಹೋಲಿಸೋ ಹಾಗಿಲ್ಲ. ಆ ಡೀಸೆಲ್‌ಗೆ ಟರ್ಬೊ ಇದೆ. ಲೆಕ್ಕ ತಿದ್ದಿದ್ರೆ ಟರ್ಬೊ ಇನ್ನಷ್ಟು ಗಾಳಿ ತುಂಬುತ್ತೆ, ಶೇ 20-30 ಏರಿಕೆ ಸಿಗಬಹುದು. ಟರ್ಬೊ ಇಲ್ಲದ ಪೆಟ್ರೋಲ್ ಎಂಜಿನ್ ಅದೇ 796 ಸಿಸಿ ಗಾಳಿ ಎಳೆಯೋದು. ಸಿಕ್ಕರೆ ಶೇ 5-8. 48ಕ್ಕೆ ಅದು ಮೂರು-ನಾಲ್ಕು ಪಿಎಸ್. ಎಸಿ ಆಫ್ ಮಾಡಿದ್ರೆ ಸಿಗೋದೂ ಅಷ್ಟೇ!

ಅದಕ್ಕೂ ಬೆಲೆ ಇದೆ. ಕಿಡಿಯನ್ನ ಮುಂಚೆ ಹಾರಿಸಿ ಶಕ್ತಿ ತೆಗೆದ್ರೆ, ನಮ್ಮ ಬಿಸಿಲಲ್ಲಿ ತುಂಬಿದ ಗಾಡಿಯಲ್ಲಿ ನಾಕಿಂಗ್ ಶುರು ಆಗುತ್ತೆ, ಅಂದ್ರೆ ಪೆಟ್ರೋಲ್ ತಪ್ಪು ಹೊತ್ತಿಗೆ ಸಿಡಿಯೋದು. ಪಿಸ್ಟನ್ ಹಾಳಾಗೋದು ಇದರಿಂದಲೇ. ಇನ್ನು ಬಾನೆಟ್ ಒಳಗೆ ಬರಿಯಾಗಿ ಕೂರಿಸೋ ಓಪನ್ ಫಿಲ್ಟರ್ ಎಂಜಿನ್ ಪಕ್ಕದ 70 ಡಿಗ್ರಿ ಗಾಳಿ ಎಳೆದ್ರೆ, ಹೊರಗಿನ 45 ಡಿಗ್ರಿ ಗಾಳಿಗಿಂತ ಶೇ 7ರಷ್ಟು ಕಮ್ಮಿ ಗಾಳಿ ಒಳಗೆ ಹೋಗುತ್ತೆ. ಶಬ್ದ ಜಾಸ್ತಿ, ಶಕ್ತಿ ಕಮ್ಮಿ.

ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಲ್ಲಿ ಬಂದ 182ಎ ಕಲಂ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡನ್ನೂ ಹೇಳುತ್ತೆ. ಅಪಘಾತ ಆದ್ರೆ ವಿಮೆ ಕಂಪನಿ ತಕರಾರು ತೆಗೆಯೋಕೂ ಇದು ದಾರಿ.

ಕೊನೇ ಲೆಕ್ಕ

ಯರಗೇರಾದ ಅಣ್ಣಾರಿಗೆ ನನ್ನ ಪಟ್ಟಿ ಇಷ್ಟು: ಚಿಪ್ ದುಡ್ಡಲ್ಲಿ ಏರ್ ಫಿಲ್ಟರ್, ಪ್ಲಗ್ ಬದಲಿಸಿ. ಒಮ್ಮೆ ಸ್ಕ್ಯಾನ್ ಮಾಡಿಸಿ, ಕ್ಲಚ್ ನೋಡಿಸಿ, ಟೈರಿಗೆ ಗಾಳಿ ಹಾಕಿಸಿ. ಓವರ್‌ಟೇಕ್‌ಗೆ ಮುಂಚೆ ಗೇರ್ ಇಳಿಸೋ ರೂಢಿ ಮಾಡ್ಕೊಳ್ಳಿ. ಇಷ್ಟಾದ ಮೇಲೂ ವಾರವಾರ ಐದು ಜನ ಹೋಗಲೇಬೇಕು, ಸಾಲಲ್ಲ ಅನಿಸಿದ್ರೆ, ರಿಮ್ಯಾಪ್‌ಗೆ ಇಡೋ ದುಡ್ಡನ್ನ ಉಳಿಸಿ ಮುಂದೆ ಕಾರು ಬದಲಿಸುವಾಗ 998 ಸಿಸಿಯ ಆಲ್ಟೊ ಕೆ10ನಂಥದ್ದನ್ನ ನೋಡಿ. ಅದರ ಶಕ್ತಿ ಸುಮಾರು 67 ಪಿಎಸ್, ಅಂದ್ರೆ ಶೇ 40ರಷ್ಟು ಹೆಚ್ಚು, ಅದೂ ಕಂಪನಿ ವಾರಂಟಿ, ಆರ್‌ಸಿ, ವಿಮೆ ಎಲ್ಲಕ್ಕೂ ಒಪ್ಪೋ ಶಕ್ತಿ.

ಅಲ್ಲಿಯ ತನಕ ಲಾರಿ ಹಿಂದೆ ಎರಡು ನಿಮಿಷ ತಡ ಆದ್ರೂ ಆಗಲಿ. ರಾಯರ ಮಠ ಎಲ್ಲಿಗೂ ಹೋಗಲ್ಲ, ಆರಾಮಾಗಿ ಹೋಗಿಬನ್ರಿ. ನಿಮ್ಮ ಗಾಡಿಯ ಕಥೆ ಏನಿದ್ರೂ ವಾಯ್ಸ್ ಮೆಸೇಜ್ ಕಳಿಸ್ರಿ, ಮುಂದಿನ ಕಂತಿನಲ್ಲಿ ಸಿಗೋಣ.