ಕೋಲಾರದಿಂದ ಟೋಕಿಯೊಗೆ: ಕೆನೆತ್ ಪೊವೆಲ್ ಓಟ

ಜಾದವ್‌ಪುರದ 8ಬಿ ಬಸ್ ನಿಲ್ದಾಣದ ಬಳಿಯ ಚಹಾ ಅಂಗಡಿಯಲ್ಲಿ ಸಂಜೆ ಹರಟೆ ಫುಟ್‌ಬಾಲ್ ಬಿಟ್ಟು ಆಚೆ ಹೋಗುವುದೇ ಅಪರೂಪ. ಮೊನ್ನೆ ಮಾತ್ರ ಹಿರಿಯರೊಬ್ಬರು ಹಳೆಯ ಕಲ್ಕತ್ತಾ ರಾಷ್ಟ್ರೀಯ ಕ್ರೀಡಾಕೂಟವನ್ನು ನೆನೆದರು. 400 ಮೀಟರ್ ಓಟದಲ್ಲಿ ಮಿಲ್ಖಾ ಸಿಂಗ್ ಅವರನ್ನು ಮಖನ್ ಸಿಂಗ್ ಹಿಂದಿಕ್ಕಿದ್ದು ಇದೇ ಊರಿನಲ್ಲಿ.

"ಅದೇ ಮಖನ್ ಜೊತೆ ಒಲಿಂಪಿಕ್ಸ್‌ನಲ್ಲಿ ನಮ್ಮ ಕೋಲಾರದವರೊಬ್ಬರು ಓಡಿದ್ದಾರೆ ದಾದಾ" ಎಂದೆ. ಹೆಸರು ಕೆನೆತ್ ಪೊವೆಲ್. ಅಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸರಿ. ಇಲ್ಲಿನ ಕನ್ನಡಿಗ ಗೆಳೆಯರನ್ನು ಕೇಳಿದೆ, ಅವರಿಗೂ ಗೊತ್ತಿರಲಿಲ್ಲ. ಬೇಸರವಾದದ್ದು ಆಗ.

1940ರಲ್ಲಿ ಕೋಲಾರದಲ್ಲಿ ಹುಟ್ಟಿದ ಪೊವೆಲ್, 19ನೇ ವಯಸ್ಸಿಗೆ ಬೆಂಗಳೂರಿಗೆ ಬಂದು ಐಟಿಐ ಸೇರಿದರು. ನೌಕರಿ ಮಾಡುತ್ತಲೇ ಓಡಿದರು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಡಿದ್ದಲ್ಲದೆ, 4×100 ಮೀಟರ್ ರಿಲೇ ತಂಡದಲ್ಲೂ ಇದ್ದರು. ಕುಟಿನ್ಹೊ, ಮಖನ್, ಪೊವೆಲ್, ರಾಜಶೇಖರನ್ ನಾಲ್ವರೂ ಸೆಮಿಫೈನಲ್ ತಲುಪಿದರು. ಸಿಂಡರ್ ಟ್ರ್ಯಾಕ್ ಮೇಲೆ ನಡೆದ ಕೊನೆಯ ಒಲಿಂಪಿಕ್ಸ್ ಅದು. 1965ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಮೂವತ್ತು ತುಂಬಿದ ಮೇಲೂ, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ, ರಿಲೇ ಕಂಚು ಗೆದ್ದ ತಂಡದಲ್ಲಿದ್ದರು.

ರಿಲೇ ಓಟಗಾರನ ಕಷ್ಟವೇ ಇದು. ಪದಕ ತಂಡದ್ದು, ಹೆಸರು ನಾಲ್ವರಲ್ಲಿ ಒಂದು. ಬೇಟನ್ ಜಾರಿದರೆ ಮಾತ್ರ ಯಾರ ಕೈಯಿಂದ ಎಂದು ಎಲ್ಲರಿಗೂ ನೆನಪಿರುತ್ತದೆ.

ಪೊವೆಲ್ 2022ರ ಡಿಸೆಂಬರ್‌ನಲ್ಲಿ, 82ನೇ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು. ಹೊರನಾಡಿನಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಮಿಲ್ಖಾ ಕಥೆ ಸಿನಿಮಾದಿಂದ ಗೊತ್ತು. ಕೋಲಾರದ ಈ ಕಥೆಯನ್ನು ಮನೆಯಲ್ಲಿ ನಾವೇ ಹೇಳಬೇಕು.